ಎಲ್ಲರೂ ಒಟ್ಟಿಗೆ ಹೇಳಿ

ಫೆಬ್ರವರಿ ೯

ಅಕ್ಕನ ಸನ್ನಿಧಾನಕ್ಕೆ,

ಅಪರಾಧಿ ತಮ್ಮನು ಬುದ್ಧಿ ಸ್ಥಿಮಿತದಲ್ಲಿರುವಾಗಲೇ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಡುವ ತಪ್ಪೊಪ್ಪಿಗೆ ಏನೆಂದರೆ: ಕಳೆದ ಬುಧವಾರ ನಾನು ಒಂದು ಪಾಠವನ್ನು ಕದ್ದಿದ್ದೇನೆ. ಕದ್ದದ್ದು ಬೇರೆ ಯಾರಿಂದಲೂ ಅಲ್ಲ, ನನ್ನಿಂದಲೇ. ಸೋಮವಾರ ಮಾಡಿ ಮುಗಿಸಿದ್ದ ಪಾಠವನ್ನೇ ಬುಧವಾರ ಮತ್ತೊಮ್ಮೆ ಮಾಡಿದೆ. ಯಾರು ಯಾವ ಉತ್ತರ ಹೇಳಬೇಕು, ಯಾರು ಕೆಮ್ಮಬಾರದು ಎಂದೆಲ್ಲ ತಾಲೀಮು ಮಾಡಿಸಿ, ಆಮೇಲೆ ನೀನು ಕಳಿಸಿದ ರೆಕಾರ್ಡರಿನ ಗುಂಡಿ ಒತ್ತಿದೆ. ಇಂಗ್ಲಿಷ್ ತರಗತಿಯಲ್ಲಿ ಯಾರು ಎಷ್ಟು ಮಾತಾಡುತ್ತಾರೆ ಎನ್ನುವ ನಿನ್ನ ಅಧ್ಯಯನಕ್ಕೆ ಇದ್ದದ್ದು ಇದ್ದ ಹಾಗೇ ಬೇಕು ಎಂದು ನೀನು ಬರೆದಿದ್ದೆ. ಆದರೆ ಮನೆಗೆ ನೆಂಟರು ಬರುವಾಗ ಕಸ ಗುಡಿಸದೆ ಕೂರುವವರು ಯಾರು? ಜೊತೆಗಿರುವ ಕ್ಯಾಸೆಟ್ಟು ಗುಡಿಸಿದ ಮನೆ. ಶಿಕ್ಷೆ ನಿನ್ನ ಇಷ್ಟ.

ನನ್ನ ಶಾಲೆ ಹೇಗಿದೆ ಎಂದು ನೀನು ಕೇಳಿದ್ದೆ. ಶಾಲೆಯಲ್ಲ, ಲಾಂಡ್ರಿ. ಆಸ್ಪತ್ರೆಗಳ ಹಾಸುಬಟ್ಟೆ, ಹೋಟೆಲುಗಳ ಟವೆಲ್ಲು ಲಾರಿಗಟ್ಟಲೆ ಬಂದು ಬೀಳುತ್ತವೆ. ಹೊಸ ಮಾಲೀಕರು ಬಂದ ಮೇಲೆ ಇಲ್ಲಿ ಫಲಕ, ಸೂಚನೆ, ಬೈಗುಳ ಎಲ್ಲವೂ ಇಂಗ್ಲಿಷಿಗೆ ಬಡ್ತಿ ಪಡೆದವು. ಹಾಗಾಗಿ ನಾನು. ಹಗಲು ಪಾಳಿ ಮುಗಿದ ಮೇಲೆ ಕ್ಯಾಂಟೀನಿನ ಮೇಜು ಒರೆಸಿ ಅಲ್ಲೇ ತರಗತಿ. ನೀರಿನಲ್ಲಿ ನೆಂದು ಬೆರಳು ಸುಕ್ಕಾದ ಇಪ್ಪತ್ತು ಚಿಲ್ಲರೆ ಮಂದಿ. ಅವರು ಕಲೆ ತೆಗೆಯುವವರು, ನಾನು ಕಲೆ ಹತ್ತಿಸುವವನು. ಕಲಿಸುತ್ತಿದ್ದೀಯೋ ಕಲಸುತ್ತಿದ್ದೀಯೋ ಎಂದು ನೀನು ಕೊಂಕು ತೆಗೆಯುವ ಮೊದಲು ನಾನೇ ಹೇಳಿಬಿಟ್ಟೆ.

ನನ್ನ ಪದ್ಧತಿ ಸರಳ. ಒಬ್ಬೊಬ್ಬರನ್ನೇ ಎಬ್ಬಿಸಿದರೆ ಒಬ್ಬೊಬ್ಬರೂ ಮೂಕರು. "ಎಲ್ಲರೂ ಒಟ್ಟಿಗೆ ಹೇಳಿ" ಎಂದರೆ ಮಾಡಿನ ತಗಡು ಅದುರುತ್ತದೆ. ಕೊನೆಗೆ ನಾನು "ಅಂಡರ್‌ಸ್ಟುಡ್?" ಅನ್ನುತ್ತೇನೆ, ಅವರು "ಯೆಸ್ ಸಾರ್!" ಅನ್ನುತ್ತಾರೆ. ಬಾಗಿಲಲ್ಲಿ ನಿಂತ ಮ್ಯಾನೇಜರು ಇಸ್ತ್ರಿ ಮಾಡಿದ ಮುಖದಲ್ಲಿ ನಗುತ್ತಾರೆ.

ಇದಕ್ಕೆ ಒಪ್ಪದವಳು ಒಬ್ಬಳಿದ್ದಾಳೆ. ಬಟ್ಟೆ ಒಣಗಿಸುವ ವಿಭಾಗದವಳು. ಏನು ಹೇಳಿದರೂ "ಆದ್ರೆ ಸಾರ್..." ಎಂದು ಶುರು. ಅದಕ್ಕೇ ಅವಳಿಗೆ ಆದ್ರಮ್ಮ ಎಂದು ನಾಮಕರಣವಾಗಿದೆ. ಅವಳ ಗಂಡನ ತಂದೆಯೂ ಇಲ್ಲೇ, ಬಾಯ್ಲರಿನ ಪಕ್ಕ ತಲೆ ಬೆಳ್ಳಗಾದವನು. ಅವಳು ಮಾವ ಎಂದು ಕರೆಯುವುದು ಕೇಳಿ ಇಡೀ ಲಾಂಡ್ರಿಗೇ ಉಗಿ ಮಾವನಾಗಿದ್ದಾನೆ. "ಸಾರ್, ಮುಂದಿನ ಹಲ್ಲೇ ಇಲ್ಲ, ನಿಮ್ ಇಂಗ್ಲಿಷ್ ಬರೋಕ್ ಮುಂಚೆ ಗಾಳಿ ಬಂದುಬಿಡುತ್ತೆ" ಎನ್ನುತ್ತಾನೆ. ಅದಕ್ಕೆ ಸೊಸೆ, "ಹಲ್ಲಿದ್ದಾಗ ಮಾತ್ರ ಏನ್ ಬರ್ತಿತ್ತು ಮಾವ?" ಎನ್ನುತ್ತಾಳೆ. ಆ ಮನೆಯಲ್ಲಿ ಈಗ ಅವರಿಬ್ಬರೇ. ಮಗ ಎಲ್ಲಿದ್ದಾನೆಂದು ಯಾರೂ ಕೇಳುವುದಿಲ್ಲ.

ನನ್ನ ಇಂಗ್ಲಿಷಿನ ಬಗ್ಗೆ ಹೆದರಬೇಡ. ಅದು ಯಾವ ದೇಶದಿಂದಲೇ ಹೊರಟಿರಲಿ, ಯಾರ ಹಲ್ಲಿನ ಸಂದಿಯಿಂದಲೇ ಸೋರಿರಲಿ, ನನ್ನ ಕಿವಿಗೆ ಬಿದ್ದ ಮೇಲೆ ಅರ್ಥ ಬಿಟ್ಟುಕೊಡದೆ ತಪ್ಪಿಸಿಕೊಂಡ ಒಂದು ವಾಕ್ಯವನ್ನೂ ನಾನಿನ್ನೂ ಕಂಡಿಲ್ಲ.

ಶಿಕ್ಷೆಗೆ ಕಾದಿರುವ,
ತಮ್ಮ


ಫೆಬ್ರವರಿ ೨೪

ಪ್ರೀತಿಯ ತಮ್ಮನಿಗೆ,

ಕ್ಯಾಸೆಟ್ಟು ಕೇಳಿದೆ. ಗುಡಿಸಿದ ಮನೆ ಅಂದೆಯಲ್ಲ, ಮನೆಯಲ್ಲಿ ಜನರೇ ಇಲ್ಲವಲ್ಲೋ! ಇಡೀ ಪಾಠದಲ್ಲಿ ಮಾತಾಡಿದವನು ನೀನೊಬ್ಬನೇ. ಪ್ರಶ್ನೆ ನೀನು ಕೇಳುತ್ತೀಯ, ಉತ್ತರದ ಮೊದಲರ್ಧ ನೀನೇ ಹೇಳುತ್ತೀಯ, ಬಾಲವನ್ನು ಮಾತ್ರ ಅವರ ಬಾಯಿಗೆ ಇಡುತ್ತೀಯ, ಆಮೇಲೆ 'ವೆರಿ ಗುಡ್' ಎಂದು ನಿನ್ನ ಬೆನ್ನನ್ನು ನೀನೇ ತಟ್ಟಿಕೊಳ್ಳುತ್ತೀಯ. ಅವರದ್ದು ಬರೀ ಹಿಮ್ಮೇಳ.

ಈ ಹಿಮ್ಮೇಳದ ಬಗ್ಗೆ ನನಗೆ ಅನುಮಾನ ಜಾಸ್ತಿ. ಕಾಲೇಜಿನಲ್ಲಿ ಮೇಷ್ಟ್ರುಗಳಿಗೆ ಪಾಠ ಹೇಳಿಕೊಡುತ್ತಿದ್ದಾಗಿನಿಂದ ನೋಡಿದ್ದೇನೆ. ಒಟ್ಟಿಗೆ ಹೇಳುವಾಗ ಗೊತ್ತಿಲ್ಲದವನು ಗೊತ್ತಿದ್ದವನ ದನಿಯ ಹಿಂದೆ ಅಡಗಿಕೊಳ್ಳುತ್ತಾನೆ. ಕೆಲವು ಸಲ ಗೊತ್ತಿದ್ದವನು ಒಬ್ಬನೂ ಇರುವುದಿಲ್ಲ, ಆಗಲೂ ದನಿ ಅಷ್ಟೇ ಜೋರಾಗಿರುತ್ತದೆ. ಅದು ಮೇಷ್ಟ್ರ ಮರ್ಯಾದೆಯನ್ನೂ ಮಕ್ಕಳ ಮರ್ಯಾದೆಯನ್ನೂ ಒಟ್ಟಿಗೆ ಕಾಪಾಡುವ ಒಪ್ಪಂದ. ಪಾಠ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಉಳಿಯುತ್ತದೆ.

ನಿನ್ನ ಆದ್ರಮ್ಮನ 'ಆದ್ರೆ' ಇದರಲ್ಲಿ ಎಲ್ಲಿಯೂ ಇಲ್ಲ. ತಾಲೀಮಿನಲ್ಲಿ ಅವಳಿಗೆ ಏನು ಪಾತ್ರ ಕೊಟ್ಟಿದ್ದೆ? ಕೆಮ್ಮದೆ ಇರುವುದೇ?

ಶಿಕ್ಷೆ ಇದು: ತಾಲೀಮಿಲ್ಲದ ಒಂದು ತರಗತಿ ಕಳಿಸು.

ಅಕ್ಕ


ಮಾರ್ಚ್ ೨೦

ಅಕ್ಕ,

ಶಿಕ್ಷೆ ಅನುಭವಿಸಿದ್ದೇನೆ, ಕ್ಯಾಸೆಟ್ಟು ಜೊತೆಗಿದೆ. ತಾಲೀಮು ಮಾಡಿಸಲು ಪುರುಸೊತ್ತೇ ಆಗಲಿಲ್ಲ.

ಲಾಂಡ್ರಿಗೆ ಬಟ್ಟೆ ಒಣಗಿಸುವ ಹೊಸ ಡ್ರಮ್ಮು ಬಂದಿದೆ. ಒಳಗೆ ಆಳು ಎದ್ದು ನಿಲ್ಲಬಹುದು, ಅಷ್ಟು ದೊಡ್ಡದು. ಅದರ ಜೊತೆಗೆ ದೂರದ ಯಾವುದೋ ದೇಶದಿಂದ ಎಂಜಿನಿಯರು ಬಂದಿದ್ದಾನೆ. ಎತ್ತರದ ಆಳು, ಗಡಿಯಾರ ನೋಡುತ್ತಲೇ ಇರುತ್ತಾನೆ. ಅವನಿಗೂ ಇಂಗ್ಲಿಷ್ ಮನೆಮಾತಲ್ಲ, ಹೊಟ್ಟೆಪಾಡಿನ ಮಾತು. ಯಂತ್ರವನ್ನು ನಡೆಸುವುದು ಹೇಗೆ, ಸಿಕ್ಕಿಕೊಂಡರೆ ಏನು ಮಾಡಬೇಕು ಎಂಬುದನ್ನು ಅವನು ನನ್ನ ತರಗತಿಯಲ್ಲೇ, ಇಂಗ್ಲಿಷಿನಲ್ಲೇ ಹೇಳಲಿ ಎಂದು ಮ್ಯಾನೇಜರು ಅಪ್ಪಣೆ ಮಾಡಿದರು. "ಏನ್ ಮೇಷ್ಟ್ರೇ, ಮಧ್ಯೆ ನಿಂತು ನಮ್ ಮಾತಲ್ಲಿ ಹೇಳ್ಬೇಕಾಗುತ್ತಾ?" ಎಂದು ಕೇಳಿದರು. ಒಂದು ವರ್ಷ ಸಂಬಳ ತೆಗೆದುಕೊಂಡವನು ಇದಕ್ಕೆ ಏನು ಉತ್ತರ ಹೇಳಬೇಕು? "ನನ್ನ ತರಗತಿಗೆ ಊರುಗೋಲು ಬೇಡ ಸಾರ್" ಅಂದೆ.

ನಡೆಯಿತು, ಅಕ್ಕ! ಅವನು ಹೇಳಿದ, ಕೈಯಾಡಿಸಿದ, ಗೋಡೆಗೆ ಅಂಟಿಸಿದ ಚಿತ್ರಕ್ಕೆ ಕೋಲು ಬಡಿದ. ಕೊನೆಗೆ "ಅಂಡರ್‌ಸ್ಟುಡ್?" ಎಂದ. ನನ್ನ ಜನ ಒಂದೇ ಕೊರಳಿನಲ್ಲಿ "ಯೆಸ್ ಸಾರ್!" ಎಂದರು. ಅವನು ಬೆಚ್ಚಿ ಕೋಲು ಕೆಳಗೆ ಹಾಕಿದ. ಮ್ಯಾನೇಜರು ನನ್ನ ಹೆಗಲ ಮೇಲೆ ಕೈಯಿಟ್ಟರು. ಉಗಿ ಮಾವ ಹೊರಗೆ ಬಂದು, "ನಮ್ಮದು ಎಷ್ಟು ಜೋರಿತ್ತು ನೋಡಿ, ಅವನ ದೇಶಕ್ಕೇ ಕೇಳಿಸಿರುತ್ತೆ" ಎಂದು ಮೀಸೆ ತಿರುವಿದ.

ಈಗ ಹೇಳು, ಹಿಮ್ಮೇಳವಂತೆ!

ಗೆದ್ದ ತಮ್ಮ


ಏಪ್ರಿಲ್ ೫

ಅಕ್ಕ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಉಗಿ ಮಾವ ನಿನ್ನೆ ಸತ್ತ. ಹೊಸ ಡ್ರಮ್ಮಿನೊಳಗೆ.

ಆಸ್ಪತ್ರೆಯ ಹಾಸುಬಟ್ಟೆಗಳು ಒಳಗೆ ಹೆಣೆದುಕೊಂಡು ಹಗ್ಗದಂತಾಗಿದ್ದವು. ಆದ್ರಮ್ಮ ಕೆಂಪು ಗುಂಡಿ ಒತ್ತಿ ನಿಲ್ಲಿಸಿದಳು. ಬಿಡಿಸುವುದಕ್ಕೆ ಅವಳೇ ಒಳಗೆ ಹೊರಟಿದ್ದಳಂತೆ. ಮಾವ ಅವಳನ್ನು ಪಕ್ಕಕ್ಕೆ ಸರಿಸಿ, "ನೀನು ಸೀರೆ ಸಿಕ್ಕಿಸ್ಕೊಂಡು ಒದ್ದಾಡ್ತೀಯ, ಬಿಡು" ಎಂದು ತಾನು ಹತ್ತಿದ. ಒಳಗಿನಿಂದ ಮಾತಾಡುತ್ತಲೇ ಇದ್ದನಂತೆ, ಇಷ್ಟು ಬೆಚ್ಚಗಿದೆ, ಇವತ್ತು ಇಲ್ಲೇ ಮಲಗ್ತೀನಿ ಅಂತ. ಬಾಗಿಲು ತಾನಾಗಿ ವಾಲಿ ಮುಚ್ಚಿಕೊಂಡಿತು. ಯಂತ್ರ ತಾನಾಗಿ ತಿರುಗಿತು. ಅವಳು ಕೆಂಪು ಗುಂಡಿಯನ್ನು ಒತ್ತಿದಳು, ಒತ್ತಿದಳು, ಅಂಗೈಯಿಂದ ಗುದ್ದಿದಳು. ವೇಗ ಹಿಡಿದ ಡ್ರಮ್ಮು ನಿಲ್ಲುವ ಹೊತ್ತಿಗೆ ನಿಲ್ಲಿಸಿ ಪ್ರಯೋಜನವಿರಲಿಲ್ಲ.

ನಾನು ಹೋದಾಗ ಕ್ಯಾಂಟೀನಿನ ಮೇಜಿನ ಮೇಲೆ ಮಲಗಿಸಿದ್ದರು. ನಾನು ಪಾಠ ಮಾಡುವ ಮೇಜು. ಹೊದಿಸುವುದಕ್ಕೆ ಬಿಳಿ ಬಟ್ಟೆಗೇನು ಅಲ್ಲಿ ಬರವೇ? ಅಷ್ಟು ರಾಶಿಯಲ್ಲಿ ಯಾವುದನ್ನು ತೆಗೆಯುವುದೆಂದು ಯಾರಿಗೂ ಕೈ ಬರಲಿಲ್ಲ.

ಸಂಜೆ ಪೊಲೀಸರು ಆದ್ರಮ್ಮನನ್ನು ಕರೆದುಕೊಂಡು ಹೋದರು. ಇವತ್ತು ಬಿಟ್ಟಿದ್ದಾರೆ, ಅಂತ್ಯಕ್ರಿಯೆಗೆ.

ತಮ್ಮ


ಏಪ್ರಿಲ್ ೬

ಪ್ರೀತಿಯ ತಮ್ಮನಿಗೆ,

ಗೆದ್ದವನಿಗೆ ಅಭಿನಂದನೆ ತಡವಾಯಿತು. ಕಣ್ಣಿನ ತೊಂದರೆ, ಏನೂ ದೊಡ್ಡದಲ್ಲ.

ಎಂಜಿನಿಯರ ಉಚ್ಚಾರ ಬಲು ಕಷ್ಟ ಕಣೋ. ನಾನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಬೇಕಾಯಿತು. ನನಗೆ ಸಿಕ್ಕಿದ್ದು ಇದು: ಕೆಂಪು ಗುಂಡಿ ಯಂತ್ರವನ್ನು ಸ್ವಲ್ಪ ಹೊತ್ತು ಮಾತ್ರ ತಡೆಯುತ್ತದೆ. ಬಾಗಿಲು ಮುಚ್ಚಿದರೆ ಅದು ಬಿಟ್ಟ ಕೆಲಸವನ್ನು ತಾನೇ ಮುಂದುವರಿಸುತ್ತದೆ. ಆದ್ದರಿಂದ ಒಳಗೆ ಇಳಿಯುವ ಮೊದಲು ಬೀಗದ ಕೈ ತಿರುಗಿಸಿ, ತೆಗೆದು, ಇಳಿಯುವವನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಮುಖ್ಯವಾದ ಮಾತು. ನಿನ್ನವರಿಗೆ ತಿಳಿದಿದೆಯೇ ಎಂದು ಒಬ್ಬೊಬ್ಬರನ್ನೇ ಕೇಳಿ ನೋಡು, ಒಟ್ಟಿಗೆ ಬೇಡ.

ಇನ್ನೊಂದು. "ಯೆಸ್ ಸಾರ್" ಆದ ತಕ್ಷಣ ಒಂದು ಹೆಣ್ಣು ದನಿ "ಸಾರ್, ಬಟ್..." ಎನ್ನುತ್ತದೆ. ಯಾರೋ "ಶ್, ಆಮೇಲೆ" ಎನ್ನುತ್ತಾರೆ. ಆ ದನಿ ನನಗೆ ತೊಟ್ಟಿಲಿನಿಂದ ಗೊತ್ತು. ಆಮೇಲೆ ಏನು ಕೇಳಿದಳು?

ಅಕ್ಕ


ಮೇ ೧೧

ಅಕ್ಕ,

ಮಾವನ ಅಂತ್ಯಕ್ರಿಯೆ ಮುಗಿಸಿ ಬಂದು ಸ್ವಲ್ಪ ದಿನವಾಗಿತ್ತು, ಆಗ ನೀನು ಸಾವಿನ ಸುದ್ದಿ ತಿಳಿಯುವ ಮೊದಲೇ ಬರೆದ ಪತ್ರ ಬಂತು. ಬೀಗದ ಕೈ ಡ್ರಮ್ಮಿನಲ್ಲೇ ಇತ್ತು. ಬೆಸೆದ ಹಾಗೆ, ಬಂದ ದಿನದಿಂದ ಅಲ್ಲೇ.

ಕಂಪನಿಯವರ ವಾದ ಇಷ್ಟು: ಸೂಚನೆ ಕೊಟ್ಟಿದ್ದೇವೆ, ಇಂಗ್ಲಿಷ್ ಕಲಿಸಿದ ಮೇಲೆಯೇ ಕೊಟ್ಟಿದ್ದೇವೆ, ಅರ್ಥವಾಯಿತು ಎಂದು ಅವರೇ ಹೇಳಿದ್ದಾರೆ. ಕೇಳಿಯೂ ಕಿವಿಗೆ ಹಾಕಿಕೊಳ್ಳದ ಹೆಂಗಸಿನ ಅಜಾಗರೂಕತೆಯಿಂದ ಸಾವು. ಇದು ನಿಂತರೆ ಅವಳಿಗೆ ಜೈಲು. ಸರ್ಕಾರದ ಕಾರ್ಖಾನೆ ಇಲಾಖೆಯವರ ವಿಚಾರಣೆ ಜುಲೈಯಲ್ಲಿ. ಜನ ಸುಲಭವಾಗಿ ಇನ್ನೊಂದನ್ನೂ ಸೇರಿಸುತ್ತಿದ್ದಾರೆ: ಗಂಡ ಬಿಟ್ಟವಳು, ಮಾವನ ಭಾರ ಬೇಡವಾಗಿತ್ತು ಅಂತ. ಅವಳ ಅಡುಗೆ ಚೆನ್ನಾಗಿಲ್ಲ ಎಂದು ಮಾವ ದಿನಾ ಆಡಿಕೊಳ್ಳುತ್ತಿದ್ದ, ಆ ತಮಾಷೆ ಈಗ ಸಾಕ್ಷಿಯಾಗಿದೆ.

ನೀನು ಕೇಳಿದ್ದಕ್ಕೆ ಉತ್ತರ. ಹೌದು, "ಶ್" ನನ್ನದೇ. ಮ್ಯಾನೇಜರ ಕೈ ಆಗಷ್ಟೇ ನನ್ನ ಹೆಗಲಿಗೆ ಬಂದಿತ್ತು. ಹೆಗಲು ಕದಲಿಸಲು ಮನಸ್ಸಾಗಲಿಲ್ಲ. ಆಮೇಲೆ ಹಜಾರದಲ್ಲಿ ಅವಳು ಕೇಳಿದಳು, ನಾನು ಸರಳ ಮಾಡಿ ಹೇಳಿದೆ. ಕಷ್ಟದ್ದನ್ನು ಸರಳ ಮಾಡುವುದೇ ಅಲ್ಲವೇ ನಮ್ಮ ವೃತ್ತಿ? ಸಕ್ಕರೆ ಸುತ್ತಿ ಮಾತ್ರೆ ಕೊಡುವುದು. ಸುತ್ತುವಾಗ ಮಾತ್ರೆ ಕೈಜಾರಿತು ಎಂದಿಟ್ಟುಕೋ. ಗುರುವಿನ ಕೈಯಲ್ಲಿ ಕೆಲವು ಸಲ ಲಘುವೂ ಇರುತ್ತದೆ.

ಅಕ್ಕ, ಆ ಕ್ಯಾಸೆಟ್ಟಿನ ಪ್ರತಿ ಇರುವುದು ನಿನ್ನ ಹತ್ತಿರ ಮಾತ್ರ. ಹಳೆಯ ರೆಕಾರ್ಡರುಗಳು ಕ್ಯಾಸೆಟ್ಟು ನುಂಗುತ್ತವೆ ಎಂದು ಕೇಳಿದ್ದೇನೆ. ನಿನ್ನದೂ ಹಸಿದಿದ್ದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ತಮ್ಮ


ಮೇ ೧೯

ತಮ್ಮ,

ನೀನು ಹೆದರಿದಾಗಲೇ ಹೀಗೆ ಅಕ್ಷರಗಳ ಜೊತೆ ಆಟ ಆಡುವುದು. ಅಪ್ಪನ ಆಪರೇಷನ್ ದಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತು ನನ್ನನ್ನು ಒಂದೇ ಸಮ ನಗಿಸಿದ್ದೆ. ಅವತ್ತು ನಕ್ಕೆ. ಇವತ್ತು ಆಗುವುದಿಲ್ಲ.

ನನ್ನ ರೆಕಾರ್ಡರು ಏನನ್ನೂ ನುಂಗುವುದಿಲ್ಲ. ಕ್ಯಾಸೆಟ್ಟನ್ನು ರಿಜಿಸ್ಟರ್ ಅಂಚೆಯಲ್ಲಿ ನಿನಗೇ ಕಳಿಸುತ್ತಿದ್ದೇನೆ. ವಿಚಾರಣೆಯವರಿಗೆ ನಾನೇ ಕಳಿಸಬಹುದಿತ್ತು. ಎರಡು ದಿನ ಲಕೋಟೆ ಮುಂದಿಟ್ಟುಕೊಂಡು ಕೂತೆ. ಕೊಡಬೇಕಾದವನು ನೀನು.

'ಸರಳ ಮಾಡಿ ಹೇಳಿದೆ' ಎಂದು ಬರೆದಿದ್ದೀಯ. ಏನು ಹೇಳಿದೆ ಎಂದು ಬರೆದಿಲ್ಲ.

ಅಕ್ಕ


ಜೂನ್ ೨೭

ಮೇಷ್ಟ್ರಿಗೆ ನಮಸ್ಕಾರ.

ಇಂಗ್ಲಿಷಲ್ಲೇ ಬರೆಯೋಣ ಅಂತ ಕೂತೆ ಸಾರ್, ಡಿಯರ್ ಸಾರ್ ಆದ ಮೇಲೆ ಮುಂದೆ ಹೋಗಲಿಲ್ಲ. ತಪ್ಪು ತಿಳ್ಕೋಬೇಡಿ. ಗೇಟಲ್ಲಿ ನನ್ನ ಒಳಗೆ ಬಿಡಲ್ಲ, ನಿಮ್ಮ ಮನೆಗೆ ಬಂದ್ರೆ ಜನ ಏನಾದ್ರೂ ಅಂತಾರೆ, ಅದಕ್ಕೆ ಪತ್ರ.

ವಿಚಾರಣೆಯವರು ನನ್ನ ಕೇಳ್ತಾರೆ, ಬೀಗದ ಕೈ ಯಾಕೆ ತೆಗೀಲಿಲ್ಲ ಅಂತ. ಅವತ್ತು ಹಜಾರದಲ್ಲಿ ನಾನು ನಿಮ್ಮನ್ನ ಕೇಳಿದ್ದೆ, ಅವರು ಅಷ್ಟು ಹೊತ್ತು ಕೀ ಇರೋ ಜಾಗ ತೋರಿಸ್ತಾ ಇದ್ರಲ್ಲ, ಅದೇನು ಸಾರ್ ಅಂತ. ನೀವು, ಅದೆಲ್ಲ ಅವರ ಮೆಕ್ಯಾನಿಕ್‌ಗೆ, ನಿಮಗೆ ಕೆಂಪು ಗುಂಡಿ ಒತ್ತಿದ್ರೆ ಸಾಕು ಅಂದ ಹಾಗೆ ನನಗೆ ನೆನಪು. ಹಾಗೆ ಅಂದ್ರೋ, ಇಲ್ಲ ನಾನೇ ಹಾಗೆ ಕೇಳಿಸ್ಕೊಂಡ್ನೋ ಗೊತ್ತಾಗ್ತಿಲ್ಲ. ನಾನು ಯಾವಾಗ್ಲೂ ಮಧ್ಯೆ ಬಾಯಿ ಹಾಕೋಳು, ಪೂರ್ತಿ ಕೇಳಿಸ್ಕೊಳ್ಳಲ್ಲ ಅಂತ ಮಾವನೂ ಬೈತಿದ್ರು.

ಇದನ್ನ ಇನ್ನೂ ಯಾರಿಗೂ ಹೇಳಿಲ್ಲ. ನಿಮ್ಮ ಹೆಸರು ಬರುತ್ತೆ ಅಂತ. ನಿಮ್ಮನ್ನ ಕೇಳಿ ಆಮೇಲೆ ಹೇಳೋಣ ಅಂತ. ನಂದೇ ತಪ್ಪಾಗಿದ್ರೆ ತಪ್ಪು ಅಂತ ಹೇಳಿಬಿಡಿ ಸಾರ್, ಒಂದು ಕಡೆ ಮನಸ್ಸು ನಿಲ್ಲುತ್ತೆ. ಎರಡು ಕಡೆ ಓಡ್ತಾ ಇದ್ರೆ ನಿದ್ದೆ ಬರಲ್ಲ.

ಮಾವನ ಇಂಗ್ಲಿಷ್ ಪುಸ್ತಕ ಮನೇಲಿದೆ. ಲಾಂಡ್ರಿದು ಅಲ್ವಾ, ವಾಪಸ್ ಕೊಡ್ಬೇಕಾ?

ಇಂತಿ ನಿಮ್ಮ ವಿದ್ಯಾರ್ಥಿನಿ


ಜುಲೈ ೨೨

ಅಕ್ಕ,

ನಿನ್ನೆ ವಿಚಾರಣೆ ಆಯಿತು. ಆದ್ರಮ್ಮನ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಎಷ್ಟೋ ಸಲ ಕೂತೆ. ನಾನೂ 'ಡಿಯರ್' ದಾಟಲಿಲ್ಲ.

ಮ್ಯಾನೇಜರ ಕೋಣೆಯಲ್ಲೇ ನಡೆಯಿತು. ಅಧಿಕಾರಿ ವಯಸ್ಸಾದವರು, ನೆಗಡಿ ಹಿಡಿದವರು, ಒಂದು ಕಡೆಯಿಂದ ಮೂಗು ಒರೆಸಿಕೊಳ್ಳುತ್ತಲೇ ಇದ್ದರು. ಎಂಜಿನಿಯರು ಯಾವತ್ತೋ ತನ್ನ ದೇಶಕ್ಕೆ ಹೋಗಿದ್ದಾನೆ. ಆದ್ರಮ್ಮ ಗೋಡೆಯ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಪುಸ್ತಕ ತಂದಿದ್ದಳು, ವಾಪಸ್ ಕೊಡಲು.

ನಾನು ಕ್ಯಾಸೆಟ್ಟು ಕೊಟ್ಟೆ. ಮ್ಯಾನೇಜರಿಗೆ ಬಲು ಸಂತೋಷವಾಯಿತು. ಸೂಚನೆ ಕೊಟ್ಟದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದರು. ಹಾಕಿದರು. ಎಂಜಿನಿಯರು ಮಾತಾಡಿದ, ಕೋಲು ಬಡಿಯಿತು, "ಅಂಡರ್‌ಸ್ಟುಡ್?" ಬಂತು, "ಯೆಸ್ ಸಾರ್!" ಬಂತು. ಅದರಲ್ಲಿ ಮಾವನ ದನಿ ಬೇರೆಯಾಗಿ ಕೇಳುತ್ತದೆ, ಗಾಳಿ ಸೋರುವ ದನಿ. ಆದ್ರಮ್ಮ ಪುಸ್ತಕವನ್ನು ಮಡಿಲಿಗೆ ಒತ್ತಿಕೊಂಡಳು.

ಅಧಿಕಾರಿ ಅಂದರು: "ಮೇಷ್ಟ್ರೇ, ನನಗೆ ಇವರ ಇಂಗ್ಲಿಷ್ ಹಿಡಿತಾ ಇಲ್ಲ, ನೆಗಡಿಗೆ ಕಿವಿ ಬೇರೆ ಕಟ್ಟಿದೆ. ಏನ್ ಹೇಳ್ತಿದಾರೆ ಅಂತ ನೀವೇ ಹೇಳಿಬಿಡಿ, ಬರೆಸ್ಕೊಳ್ತೀನಿ."

ನನ್ನ ಜೇಬಿನಲ್ಲಿ ಏಪ್ರಿಲ್‌ನ ನಿನ್ನ ಪತ್ರ ಇತ್ತು. ತೆಗೆಯಬೇಕಾಗಿಯೂ ಇರಲಿಲ್ಲ, ಬಾಯಿಪಾಠವಾಗಿತ್ತು. ಗುಂಡಿ, ಬಾಗಿಲು, ಬೀಗದ ಕೈ, ಜೇಬು. ಒಪ್ಪಿಸಿಬಿಟ್ಟಿದ್ದರೆ ಒಳ್ಳೆಯ ಮೇಷ್ಟ್ರಾಗಿ ಎದ್ದು ಬರುತ್ತಿದ್ದೆ. ಸರಳ ಮಾಡಿ ಹೇಳುವಾಗ ಸ್ವಲ್ಪ ಬಿಟ್ಟುಹೋಯಿತು ಎಂದರೆ ಯಾರೂ ಗಲ್ಲಿಗೆ ಹಾಕುವುದಿಲ್ಲ. ಬಿಟ್ಟದ್ದು ನಾನೋ, ಕೇಳಿಸಿಕೊಳ್ಳದೇ ಹೋದದ್ದು ಅವಳೋ ಎಂದು ಜಗ್ಗಾಡುತ್ತ ಕೂರಬಹುದಿತ್ತು. ಅವಳಂತೂ ಆಗಲೇ ಅರ್ಧ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡು ಬಂದಿದ್ದಳು.

"ಆ ದಿನ ನನಗೆ ಅರ್ಥವಾಗಲಿಲ್ಲ" ಅಂದೆ.

ಮ್ಯಾನೇಜರು, "ಮೇಷ್ಟ್ರೇ, ಅವರಿಗೆ ಅರ್ಥವಾಗಲಿಲ್ಲ ಅಂತಲಾ?" ಎಂದರು.

"ನನಗೆ ಸಾರ್. ಅವರಲ್ಲಿ ಅರ್ಥ ಆಗದ್ದನ್ನ ಕೇಳೋಕೆ ಹೊರಟಿದ್ದು ಈಯಮ್ಮ ಒಬ್ಬಳೇ. ನಾನು ಸುಮ್ಮನಿರಿಸಿದೆ. ಹೊರಗೆ ಬಂದು ಮತ್ತೆ ಕೇಳಿದಳು. ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋ ಬದಲು ಕೆಂಪು ಗುಂಡಿ ಸಾಕು ಅಂದೆ. ಅವಳು ನಾನು ಹೇಳಿದ್ದನ್ನೇ ಮಾಡಿದ್ದು."

ಅಧಿಕಾರಿ ಬರೆಸಿಕೊಂಡು ಓದಿ ಹೇಳಿದರು, ನಾನು ಸಹಿ ಮಾಡಿದೆ. ಅವಳ ಮೇಲಿನ ಆರೋಪ ನಿಲ್ಲುವುದಿಲ್ಲ ಎಂದು ಅವರ ಗುಮಾಸ್ತ ನನ್ನ ಕಿವಿಯಲ್ಲಿ ಹೇಳಿದ. ನನ್ನ ಮೇಲೆ ಏನು ನಿಲ್ಲುತ್ತದೋ ನೋಡಬೇಕು. ಕೆಲಸ ಹೋಗಿದೆ, ಅದನ್ನು ಮೆಟ್ಟಿಲಿಳಿಯುವಾಗಲೇ ಹೇಳಿದರು.

ಆದ್ರಮ್ಮ ಹೊರಗೆ ನಿಂತಿದ್ದಳು. ಥ್ಯಾಂಕ್ಸ್ ಹೇಳುತ್ತಾಳೆಂದು ಹೆದರಿದ್ದೆ. ಹೇಳಲಿಲ್ಲ. ನನ್ನ ಮುಖ ನೋಡಿ, "ಗೊತ್ತಿಲ್ಲ ಅಂದಿದ್ರೆ ನಾವೇನ್ ನಿಮ್ಮನ್ನ ನೋಡಿ ನಗ್ತಿದ್ವಾ ಸಾರ್?" ಎಂದಳು. ಅಷ್ಟು ಕೇಳಿ ಹೊರಟಳು. ಪುಸ್ತಕ ಅವಳ ಕೈಯಲ್ಲೇ ಇತ್ತು.

ಅಧಿಕಾರಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಕೇಳಿದ್ದರೆ ಹೇಳುತ್ತಿದ್ದೆನೇನೋ, ಅವರು ಕೇಳಲಿಲ್ಲ. ಆ ದಿನ ಗಲಾಟೆಯಿತ್ತು, ಗಮನ ಬೇರೆ ಕಡೆಯಿತ್ತು, ಅದಕ್ಕೇ ಅರ್ಥವಾಗಲಿಲ್ಲ ಎಂದು ನಾನು ನನಗೇ ಹೇಳಿಕೊಂಡು ಬಂದಿದ್ದೆ. ನಿನ್ನೆ ಆ ಕೋಣೆಯಲ್ಲಿ ಗಲಾಟೆ ಇರಲಿಲ್ಲ. ಕ್ಯಾಸೆಟ್ಟನ್ನು ಎರಡು ಸಲ ಹಾಕಿದರು. ಎಂಜಿನಿಯರು ಏನು ಹೇಳುತ್ತಾನೆಂದು ನನಗೆ ನಿನ್ನ ಪತ್ರದಿಂದ ಅಕ್ಷರ ಅಕ್ಷರ ಗೊತ್ತಿತ್ತು. ಬೀಗದ ಕೈಯ ಮಾತು ಎಲ್ಲಿ ಬರುತ್ತದೆಂದು ಕಣ್ಣು ಮುಚ್ಚಿ ಕಾದೆ.

ಅಕ್ಕ, ಎರಡು ಸಲವೂ ಅದು ಎಲ್ಲಿ ಬಂತೆಂದು ನನಗೆ ಗೊತ್ತಾಗಲಿಲ್ಲ.

ನಿನ್ನ,
ತಮ್ಮ